ಗೋಪೀಚಂದನದ ಮೇಲೆ ಅತ್ತೆಯವರು

ಬೆಳ್ಳಿಗೆ ಕಪ್ಪಾಗುವ ಗುಣವನ್ನು ಕರುಣಿಸಿದ ಭಗವಂತನಿಗೆ ಮೊದಲ ನಮಸ್ಕಾರ. ಹುಣಸೆಹಣ್ಣು ಹಿಡಿದು ಆ ಗುಣವನ್ನು ಶಪಿಸುವ ಗೃಹಿಣಿಯರು ಕ್ಷಮಿಸಬೇಕು. ನನ್ನ ಪಾಲಿಗೆ ಅದು ಅನುಗ್ರಹವೇ ಆಯಿತು.

ಎಂಬತ್ತರ ದಶಕದ ಕೊನೆಯಲ್ಲಿ, ವಿಜಯವಾಡದ ಪಟಮಟದಲ್ಲಿ ನೆಲೆಸಿದ್ದ ನನ್ನ ಅತ್ತೆಯವರಿಗೆ ಒಂದೇ ಚಿಂತೆ: ತಾವು ಸತ್ತ ಮೇಲೆ ಮಕ್ಕಳು ಯಾವ ಪಟಕ್ಕೆ ಹಾರ ಹಾಕುತ್ತಾರೆ? ಮನೆಯಲ್ಲಿದ್ದ ಏಕೈಕ ಫೋಟೊದಲ್ಲಿ ಅವರು ಸೀನಲು ಸಿದ್ಧರಾದಂತೆ ಕಾಣುತ್ತಿದ್ದರು. ವರ್ಷವರ್ಷವೂ ಆ ಮುಖದಲ್ಲಿ ಶ್ರಾದ್ಧ ಸ್ವೀಕರಿಸಲು ತಾವು ತಯಾರಿಲ್ಲವೆಂದು ಸಾರಿಬಿಟ್ಟಿದ್ದರು; ಮತ್ತೆ ಕ್ಯಾಮೆರಾದ ಮುಂದೆ ಕೂರಲೂ ಒಪ್ಪಿರಲಿಲ್ಲ.

ಬೆಳ್ಳಿಯ ತಂತಿಯಿಂದ ಚಿತ್ರ ಬರೆಯುವ ಹಳೆಯ ವಿದ್ಯೆಯನ್ನು ನಾನು ಅಲ್ಪಸ್ವಲ್ಪ ಕಲಿತಿದ್ದೆ; ಅವರ ಪಟವನ್ನು ನಾನೇ ಬರೆದುಕೊಡುವೆನೆಂದೆ. ಬರಿಯ ಕಾಗದದ ಮೇಲೆ ಬೆಳ್ಳಿ ಗುರುತು ಬಿಡದು. ಮೊದಲು ನಯವಾದ ಪುಡಿಯ ಲೇಪ ಕೊಡಬೇಕು. ಸಂಪ್ರದಾಯದಂತೆ ಅದು ಮೂಳೆಯ ಬೂದಿ. ಮಡಿಯ ಮನೆಯಲ್ಲಿ ಆ ಮಾತೆತ್ತುವಂತಿಲ್ಲ. ಸ್ಮಾರ್ತನಾದ ನನಗೆ ಹೊಳೆದದ್ದು ನಾನು ನಿತ್ಯ ಧರಿಸುವ ವಿಭೂತಿ. ಅದನ್ನು ಗೋಂದಿನಲ್ಲಿ ಕಲಸುತ್ತಿದ್ದಾಗ ಮಾಧ್ವರಾದ ಅತ್ತೆಯವರು ಬಂದು ನೋಡಿದರು.

"ಬದುಕಿರೋವಾಗ ಹಚ್ಚದ ಬೂದೀನ ಸತ್ತ ಮೇಲೆ ಹಚ್ಚಿಸ್ತೀರಾ, ಅಲ್ಲುಡುಗಾರೂ?" ಅಳಿಯನಾದ ನನ್ನನ್ನು ಅವರು ಬಯ್ಯುವಾಗ ಮಾತ್ರ ತೆಲುಗಿನಲ್ಲಿ ಗೌರವಿಸುತ್ತಿದ್ದರು.

ತಾವು ನಾಮಕ್ಕೆ ಬಳಸುವ ಗೋಪೀಚಂದನವನ್ನು ತಾವೇ ತೇಯ್ದು ಕೊಟ್ಟರು. ಹಳದಿ ಛಾಯೆಯ ಆ ಲೇಪ ಒಣಗಿದ ಮೇಲೆ, ಹೆಂಡತಿಯ ತುಂಡಾದ ಗೆಜ್ಜೆಯ ತಂತಿಯಿಂದ ಬರೆದೆ. ಬೆಳ್ಳಿಯ ಗೆರೆಯನ್ನು ಅಳಿಸಲಾಗದು. ಆದ್ದರಿಂದ ಮೂಗಿನ ಉದ್ದದ ಬಗ್ಗೆ ನಾವಿಬ್ಬರೂ ಮುಂಚಿತವಾಗಿ ಸಂಧಾನ ಮಾಡಿಕೊಂಡಿದ್ದೆವು.

ಮುಗಿದಾಗ ಗೆರೆಗಳು ತೀರ ತೆಳುವಾಗಿದ್ದವು. ಕನ್ನಡಕ ಒರೆಸಿ ನೋಡಿದರೂ ಅವರಿಗೆ ಏನೂ ಕಾಣಲಿಲ್ಲ. ಗಾಳಿಗೆ ಬೆಳ್ಳಿ ಕಂದಿದಂತೆ ಚಿತ್ರ ಗಾಢವಾಗುತ್ತದೆಂದು ವಿವರಿಸಿದೆ.

"ಅಷ್ಟರೊಳಗೆ ನಾನೇ ಹೋದ್ರೆ? ಖಾಲಿ ಕಾಗದಕ್ಕೆ ಹಾರ ಹಾಕ್ತಾರಾ?"

ಅದೇ ವರ್ಷ ಬ್ಯಾಂಕು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿತು. ಎಂವಿಪಿ ಕಾಲೋನಿಯ ಮನೆಯಲ್ಲಿ ಕಡಲಗಾಳಿಗೆ ಬೆಳ್ಳಿಯ ದೀಪಗಳು ಬೇಗನೆ ಮಂಕಾಗುತ್ತಿದ್ದವು. ಚಿತ್ರವನ್ನು ತೆರೆದ ಕಿಟಕಿಯ ಬಳಿ ತೂಗುಹಾಕಿದೆ. ಬೇಸಿಗೆ ಕಳೆಯುವಷ್ಟರಲ್ಲಿ ಅತ್ತೆಯವರು ಕಂದುಬಣ್ಣದಲ್ಲಿ ಪ್ರಕಟವಾದರು: ಮೊದಲು ಹುಬ್ಬು, ಆಮೇಲೆ ಸಂಧಾನದ ಮೂಗು, ಕೊನೆಗೆ ಅಳಿಯನ ಕುರಿತ ಅಭಿಪ್ರಾಯ.

ಪಟಮಟಕ್ಕೆ ಒಯ್ದು ತೋರಿಸಿದಾಗ ಅವರು ಅದನ್ನು ಗೋಡೆಗೆ ಹಾಕಿಸಿ, ಮಲ್ಲಿಗೆಯ ಹಾರ ತರಿಸಿ, ತಮ್ಮ ಪಟಕ್ಕೆ ತಾವೇ ತೊಡಿಸಿದರು. ಅಪಶಕುನವೆಂದು ನನ್ನ ಹೆಂಡತಿ ಅಳತೊಡಗಿದಳು. ಅವರು ಹಿಂದೆ ಸರಿದು ನಿಂತು ಪರೀಕ್ಷಿಸಿದರು.

"ಗಲ್ಲ ಮುಚ್ತಿದೆ. ಆವತ್ತು ಹಾರ ಸ್ವಲ್ಪ ಉದ್ದ ಕಟ್ಟಿಸಿ."

ಕೆಲವು ವರ್ಷಗಳ ನಂತರ ಹಾಗೆಯೇ ಕಟ್ಟಿಸಿದೆವು.

ಮುಖ ಕೊಟ್ಟವರಿಗೆ ಸದ್ಗತಿಯಾಗಲಿ. ಗೆಜ್ಜೆ ಕೊಟ್ಟವಳಿಗೆ ದೀರ್ಘ ಸೌಮಂಗಲ್ಯವಿರಲಿ. ಅದರಲ್ಲಿ ನನ್ನ ಸ್ವಾರ್ಥವೂ ಇದೆ. ಆ ಉದ್ದನೆಯ ಹಾರವನ್ನು ಕಟ್ಟಿದ ಕೈಗಳಿಗೆ ಮಲ್ಲಿಗೆಯ ಕಾಲ ಎಂದೂ ಮುಗಿಯದಿರಲಿ.