ಒದ್ದ ಗುಗ್ಗರಿ ಗಡಿಗೆ

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ಸಲ ಬಾಯಿ ಮುಚ್ಚಿಕೊಂಡಿದ್ದೇನೆ. ಮೊನ್ನೆ ಮಗ ತಂದ ಜೋಳದ ಬೀಜದ ಚೀಲ ಬಿಚ್ಚಿದಾಗ ಔಷಧಿಯ ಘಾಟು ಮೂಗಿಗೆ ಬಡಿಯಿತು.

ಅರವತ್ತರ ದಶಕದಲ್ಲಿ ನಾನು ಹರಿಹರದ ಬೀಜದ ಡಿಪೋ ಒಂದರಲ್ಲಿ ಗುಮಾಸ್ತ. ಕೊಕ್ಕನೂರಿನ ಕಡೆಯ ಹಳ್ಳಿಗಳಿಗೆ ಒಬ್ಬರು ಗ್ರಾಮಸೇವಕರಿದ್ದರು. ಕಾಡಿಗೆ ಎಂಬ ರೋಗ ಬಿದ್ದು ಜೋಳದ ತೆನೆ ಕಪ್ಪು ಪುಡಿಯಾಗುತ್ತಿದ್ದ ಕಾಲ. ಬೀಜಕ್ಕೆ ಔಷಧಿ ಹಚ್ಚಿಸಿ ಬಿತ್ತಿರೆಂದು ಅವರು ಸೈಕಲ್ಲಿನಲ್ಲಿ ಊರೂರು ತಿರುಗಿ ರೈತರನ್ನು ಒಪ್ಪಿಸುತ್ತಿದ್ದರು. ಹಚ್ಚಿ ಕೊಡುವುದು ನನ್ನ ಕೆಲಸ. ವಿಷವೆಂದು ಒಬ್ಬೊಬ್ಬರಿಗೂ ಹೇಳಿಯೇ ಕೊಡು ಎಂದು ನನಗೆ ತಾಕೀತು ಮಾಡಿದ್ದರು. ಹೇಳಿದರೆ ಯಾರೂ ಒಯ್ಯುವುದಿಲ್ಲ, ಚೀಲ ಉಳಿದರೆ ಮೇಲಿನವರು ಬೈಯುತ್ತಾರೆಂಬ ಭಯ ನನಗೆ. ಔಷಧಿ, ಒಳ್ಳೆಯದು ಎಂದಷ್ಟೇ ಹೇಳಿ ಕಳಿಸಿದೆ.

ಬಿತ್ತನೆ ಮುಗಿದ ದಿನ ಕೂರಿಗೆ ಪೂಜಿಸಿ, ಉಳಿದ ಬೀಜದಲ್ಲಿ ಗುಗ್ಗರಿ ಬೇಯಿಸಿ ಕೇರಿಗೆಲ್ಲ ಹಂಚುವುದು ಆ ಕಡೆಯ ಪದ್ಧತಿ. ನನಗೂ ಗೊತ್ತಿತ್ತು... ಔಷಧಿ ಹಚ್ಚಿದ ಬೀಜವೂ ಆ ಗಡಿಗೆಗೆ ಬೀಳುತ್ತದೆಂದು ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಡಿಪೋಗೆ ಬಂದ ರೈತನೊಬ್ಬ, ಊರಲ್ಲಿ ಇವತ್ತು ಗುಗ್ಗರಿ, ಬೇಗ ಹೋಗಬೇಕು ಎಂದ. ಅಲ್ಲೇ ಇದ್ದ ಗ್ರಾಮಸೇವಕರು ನನ್ನ ಮುಖ ನೋಡಿದರು.

"ವಿಷ ಐತೆ ಅಂತ ಹೇಳೀಯೋ ಇಲ್ಲಪಾ?"

ಇಲ್ಲವೆಂದು ತಲೆಯಾಡಿಸಿದೆ. ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಸೈಕಲ್ ತುಳಿದರು. ಊರಿನ ಕಡೆಯಿಂದ ಅಳುವ ದನಿ ಬರುತ್ತದೇನೋ ಎಂದು ದಾರಿಯುದ್ದಕ್ಕೂ ಕಿವಿ ನಿಮಿರಿಸಿ ಕೂತಿದ್ದೆ.

ಹೋದಾಗ ಆ ರೈತನ ಮನೆಯಲ್ಲಿ ಗಡಿಗೆ ಒಲೆಯಿಂದ ಇಳಿದಿತ್ತು. ಸುತ್ತ ಮಕ್ಕಳು ಕೈಯೊಡ್ಡಿ ಕೂತಿದ್ದರು. ಗ್ರಾಮಸೇವಕರು ಚಪ್ಪಲಿಯನ್ನೂ ಬಿಡದೆ ಒಳನುಗ್ಗಿ ಗಡಿಗೆಯನ್ನು ಒದ್ದರು.

"ದೇವ್ರ ಗಡಿಗೇನ ಚಪ್ಪಲಿ ಕಾಲಾಗ ಒದೀತೀಯೇನೋ? ನಿನ್ನ ಕಾಲು ಸೇದಿ ಹೋಗ್ಲಿ" ಎಂದು ಮನೆಯ ಅಜ್ಜಿ ಎದ್ದಳು.

"ಆ ಬೀಜ ವಿಷ ಐತಮ್ಮ. ಮಕ್ಳಿಗೆ ಕೊಡಬ್ಯಾಡ್ರಿ."

ಕೊಡುವಾಗ ಯಾಕೆ ಹೇಳಲಿಲ್ಲವೆಂದು ಗಂಡಸರು ಅವರ ಅಂಗಿ ಹಿಡಿದರು. ಅವರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದರು. ಬೆರಳು ಮಾಡಿ ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಚೆಲ್ಲಿದ ಗುಗ್ಗರಿ ತಿಂದ ಕೋಳಿಗಳು ಬೆಳಗಾಗುವುದರೊಳಗೆ ಸತ್ತಿದ್ದವು. ಗ್ರಾಮಸೇವಕರ ಮೇಲೆ ದೂರು ಹೋಯಿತು. ವಿಚಾರಣೆಯಲ್ಲಿ ನನ್ನನ್ನು ಕೇಳಿದಾಗ, ತಿಳಿಸಿ ಹೇಳುವುದು ಗ್ರಾಮಸೇವಕರ ಕೆಲಸ ಎಂದುಬಿಟ್ಟೆ. ಅವರನ್ನು ಕೆಲಸದಿಂದ ತೆಗೆದುಹಾಕಿದರು.

ಆ ಸಲ ಜೋಳಕ್ಕೆ ಕಾಡಿಗೆ ಬೀಳಲಿಲ್ಲ, ಕಣಗಳು ತುಂಬಿದವು. ಮುಂದಿನ ಮುಂಗಾರಿಗೆ ಆ ಊರವರೇ ಅದೇ ಬೀಜ ಕೇಳಿಕೊಂಡು ಬಂದರು. ಒಬ್ಬೊಬ್ಬರಿಗೂ ವಿಷವೆಂದು ಹೇಳಿ ಕೊಟ್ಟೆ. ಯಾರೂ ಬೇಡವೆನ್ನಲಿಲ್ಲ.

ಆ ಗ್ರಾಮಸೇವಕರು ದಾವಣಗೆರೆಯಲ್ಲಿ ಕಾಳಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆಂದು ಕೇಳಿ ಒಮ್ಮೆ ಹೋಗಿದ್ದೆ. ದೂರದಿಂದ ಬೆನ್ನು ಕಂಡಿತು... ತಿರುಗಿ ಬಂದೆ. ಆಮೇಲೆ ತೀರಿಕೊಂಡರೆಂದು ತಿಳಿಯಿತು.

ಮೊನ್ನೆಯ ಚೀಲದ ಮೇಲೆ ಕೆಂಪಕ್ಷರದಲ್ಲಿ ವಿಷ ಎಂದು ಅಚ್ಚಾಗಿತ್ತು. ಆದರೂ ಮನೆಯ ಮಕ್ಕಳನ್ನೆಲ್ಲ ಕರೆದು ಬಾಯಿಬಿಟ್ಟು ಹೇಳಿದೆ. ತಪ್ಪಾಯಿತು ಎಂಬ ಮಾತು ಮಾತ್ರ ಹೇಳದೆ ಉಳಿಯಿತು, ಆ ಗ್ರಾಮಸೇವಕರಿಗೆ.