ಏನು ನೋಡಬೇಕು ಎಂದು ಕೇಳುತ್ತಿದ್ದವರು

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಿತ್ತು. ಉಳಿದ ಒಂಬತ್ತನ್ನು ವಾರಕ್ಕೊಮ್ಮೆ ಕತ್ತರಿಸುತ್ತಿದ್ದರು. ಆ ಒಂದನ್ನು ಅರದಿಂದ ಉಜ್ಜಿ, ತುದಿಯನ್ನು ಚಪ್ಪಟೆ ಮಾಡಿ ಇಟ್ಟುಕೊಂಡಿದ್ದರು. ಕನ್ನಡಕದ ಕಡ್ಡಿ ಸಡಿಲವಾಯಿತೆಂದು ಯಾರಾದರೂ ಬಂದರೆ ಅವರು ಡ್ರಾಯರು ತೆರೆದು ಸ್ಕ್ರೂ ಡ್ರೈವರು ಹುಡುಕುತ್ತಿರಲಿಲ್ಲ. ಆ ಉಗುರನ್ನು ಸ್ಕ್ರೂವಿನ ತಲೆಗೆ ಕೂರಿಸಿ ಎರಡು ಸುತ್ತು ತಿರುಗಿಸಿ, "ಆಯ್ತು, ನಡಿ" ಎನ್ನುತ್ತಿದ್ದರು.

ಯಾರೂ ಬರದಿದ್ದರೆ ತಾವೇ ಹೋಗುತ್ತಿದ್ದರು. ಒಮ್ಮೆ ನಾನೂ ಅವರೂ ಪಿರಿಯಾಪಟ್ಟಣದಿಂದ ಹುಣಸೂರಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ಬಿಳಿ ಷರಟಿನ ದೊಡ್ಡ ಮನುಷ್ಯರೊಬ್ಬರು ನಿದ್ದೆ ಹೋಗಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಇವರು ಮುಂದಕ್ಕೆ ಬಾಗಿ ಅದನ್ನು ಮೆಲ್ಲಗೆ ತೆಗೆದು, ಬಲಗಡೆಯ ಸ್ಕ್ರೂ ಬಿಗಿ ಮಾಡಿ, ಶಲ್ಯದ ತುದಿಯಿಂದ ಗಾಜು ಒರೆಸಿ, ವಾಪಸು ಹಾಕುವಾಗ ಅವರಿಗೆ ಎಚ್ಚರವಾಯಿತು.

"ಯಾರ್ರೀ ನೀವು? ನನ್ ಮುಖಕ್ಕೆ ಯಾಕ್ರೀ ಕೈ ಹಾಕ್ತಿದ್ದೀರ?"

"ಕಡ್ಡಿ ಕಳಚಿ ಬೀಳೋದ್ರಲ್ಲಿತ್ತು. ಬಿಗಿ ಮಾಡಿದ್ದೀನಿ. ಮಲಿಕೊಳ್ಳಿ."

"ಇದೇನು ನಿಮ್ಮ ಅಂಗಡಿ ಕನ್ನಡಕ ಅಲ್ಲ ಕಣ್ರೀ. ಮೈಸೂರಲ್ಲಿ ಮಾಡಿಸಿದ್ದು."

"ಗೊತ್ತಾಯ್ತು. ಅದಕ್ಕೇ ಸಡ್ಲ ಆಗಿತ್ತು."

ಆ ಮನುಷ್ಯರು ಹುಣಸೂರಿನವರೆಗೂ ಮತ್ತೆ ನಿದ್ದೆ ಮಾಡಲಿಲ್ಲ. ಎರಡೂ ಕೈಯಲ್ಲಿ ಕನ್ನಡಕ ಹಿಡಿದುಕೊಂಡು ಕೂತಿದ್ದರು.

ತಾಲ್ಲೂಕಿನವರೆಲ್ಲ ಅವರನ್ನು ಅಯ್ನೋರು ಎನ್ನುತ್ತಿದ್ದರು. ಮೈಸೂರಿನಲ್ಲಿ ಕಣ್ಣು ಪರೀಕ್ಷೆ ಕಲಿತು ಬಂದು, ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಗೂ ಹೋಟೆಲಿಗೂ ನಡುವೆ ಒಂದು ಮಳಿಗೆ ಹಿಡಿದಿದ್ದರು. ಹಣೆಯ ಮೇಲೆ ದಪ್ಪ ವಿಭೂತಿ. ಅದರ ಪುಡಿ ದಿನವಿಡೀ ಅವರದೇ ಕನ್ನಡಕದ ಮೇಲೆ ಉದುರುತ್ತಿತ್ತು. ಊರಿನವರ ಗಾಜನ್ನೆಲ್ಲ ಒರೆಸುತ್ತಿದ್ದ ಮನುಷ್ಯ ತಮ್ಮ ಗಾಜನ್ನು ಒರೆಸಿಕೊಂಡದ್ದನ್ನು ನಾನು ನೋಡಿಲ್ಲ.

ಗೋಡೆಯ ಮೇಲೆ ಅಕ್ಷರಗಳ ಪಟ ಇತ್ತು. ಆದರೆ ಅವರ ಪರೀಕ್ಷೆ ಅಲ್ಲಿಂದ ಶುರುವಾಗುತ್ತಿರಲಿಲ್ಲ. ಬಂದವರನ್ನು ಕೂರಿಸಿ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಿಂಗೆ ಏನ್ ನೋಡ್ಬೇಕು?" ಉತ್ತರ ಕೇಳಿಕೊಂಡು ಮೇಜಿನ ಕೆಳಗಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆಯುತ್ತಿದ್ದರು. ಅದರಲ್ಲಿ ಸೂಜಿ ದಾರ, ಕಲ್ಲು ಬೆರೆಸಿದ ಅಕ್ಕಿ, ಸಾಸಿವೆ ಬೆರೆಸಿದ ರಾಗಿ, ಹಳೆಯ ಬಸ್ ಟಿಕೆಟ್ಟುಗಳು ಇರುತ್ತಿದ್ದವು. ಟೈಲರಿಗೆ ಸೂಜಿ ಕೊಡುತ್ತಿದ್ದರು, ಕಂಡಕ್ಟರಿಗೆ ಟಿಕೆಟ್ಟು. ಕೆಲಸ ಮಾಡುವಾಗ ಹೇಗೆ ಕೂರುತ್ತಾರೋ ಹಾಗೆಯೇ ಕೂರಿಸಿ, ಕಣ್ಣಿನಿಂದ ಕೈಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆಯುತ್ತಿದ್ದರು.

ನಾನು ಕೂತಿದ್ದಾಗ ಒಂದು ಸಲ ಕಂಪಲಾಪುರದ ಕಡೆಯ ಅಜ್ಜಿಯೊಬ್ಬರು ಬಂದರು.

"ಏನ್ ನೋಡ್ಬೇಕವ್ವಾ ನಿಂಗೆ?"

"ಅಕ್ಕೀಲಿರೋ ಕಲ್ಲು ಕಾಣ್ಬೇಕು ಸಾಮಿ."

"ದೂರದ್ದು ಬ್ಯಾಡ್ವಾ?"

"ದೂರ್‌ದಲ್ಲಿ ನಮ್ ಸೊಸೆ ಕೂತಿರ್ತಾಳೆ. ಅದು ಕಾಣ್ದಿದ್ರೂ ನಡೀತದೆ ಬುಡಿ."

ಅಯ್ನೋರು ನಗಲಿಲ್ಲ. ಚೀಟಿಯಲ್ಲಿ "ಹತ್ತಿರದ್ದು ಸಾಕು" ಎಂದು ಬರೆದುಕೊಂಡರು.

ನನಗೆ ಚಾಳೀಸು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿ ತೆಗೆದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡಬೇಕು: ಹಳದಿ, ಕಿತ್ತಳೆ, ಕಂದು, ಇವುಗಳ ನಡುವಿನವು. ಆಮೇಲೆ ಒಂದೊಂದು ಗುಡ್ಡೆಯನ್ನೂ ಗೋಣಿಯಲ್ಲಿ ಬಿಗಿದು ಬೇಲು ಕಟ್ಟಿ ಹರಾಜಿಗೆ ಒಯ್ಯಬೇಕು. ಕೊಳ್ಳುವವರು ಬೇಲಿನೊಳಗೆ ಕೈ ಹಾಕಿ ಎಲೆ ಎಳೆದು ನೋಡುತ್ತಾರೆ. ಎರಡು ಬಣ್ಣ ಸಿಕ್ಕಿತೋ, ಮಾತಾಡದೆ ಮುಂದಿನ ಬೇಲಿಗೆ ಹೋಗುತ್ತಾರೆ. ನನಗೆ ಬೇರೆ ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ, ಬಣ್ಣ ಹೇಳುವುದರಲ್ಲಿ ಮಾತ್ರ ನಮ್ಮ ಊರು ನನ್ನ ಮಾತು ನಂಬುತ್ತಿತ್ತು. ಪಕ್ಕದ ಮನೆಯಲ್ಲೇ ಇದ್ದ ಅಕ್ಕ, ಭಾವ ತೀರಿಕೊಂಡ ಮೇಲೆ, ನಾನು ನೋಡದೆ ಒಂದು ಬೇಲನ್ನೂ ಕಟ್ಟಿಸಿದವಳಲ್ಲ.

"ಏನ್ ನೋಡ್ಬೇಕು?" ಎಂದರು ಅಯ್ನೋರು. ಸೊಪ್ಪಿನ ಬಣ್ಣ ಎಂದೆ. ಮರುದಿನ ಒಂದು ಕಂತೆ ತರಲು ಹೇಳಿದರು. ಒಯ್ದೆ. ಟ್ಯೂಬ್ ಲೈಟಿನ ಕೆಳಗೆ ಕೂರಲು ಬಿಡದೆ ಅಂಗಡಿಯ ಮುಂದಿನ ಜಗಲಿಗೆ ಕರೆತಂದು, ಎಲೆಗಳನ್ನು ನನ್ನ ಮಡಿಲಲ್ಲಿ ಹರಡಿ, ಒಂದಾದ ಮೇಲೊಂದು ಗಾಜು ಬದಲಿಸಿ ಗುಡ್ಡೆ ಮಾಡಿಸಿದರು. ಹೋಟೆಲಿಗೆ ಬಂದವರೆಲ್ಲ ಟೀ ಲೋಟ ಹಿಡಿದು ಸುತ್ತ ನಿಂತರು. ನಾನು ಸುಮ್ಮನಿರದೆ, "ಒಸಿ ಬಣ್ಣದ ಗಾಜು ಹಾಕಿ ಅಯ್ನೋರೆ, ಬಿಸಿಲಿಗೆ ತಂಪಾಗಿರ್ತದೆ" ಎಂದೆ.

"ಬಣ್ಣ ನೋಡೋನು ಬಣ್ಣದ ಗಾಜು ಹಾಕ್ಕೊಂಡ್ರೆ ನೀನು ನೋಡೋದು ಸೊಪ್ಪಲ್ಲ ಕಣಪ್ಪ, ನನ್ ಗಾಜು."

ಈ ಮಾತನ್ನು ನಾನು ಹತ್ತು ವರ್ಷದೊಳಗೆ ಮರೆತೆ.

ಹತ್ತು ವರ್ಷದ ಮೇಲೆ, ಅದೇ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ನನ್ನ ಹೈಸ್ಕೂಲು ಗೆಳೆಯ ಎರಡು ಕಂಪ್ಯೂಟರು ತಂದು, ಇಂಟರ್‌ನೆಟ್ ಎಂದು ಬೋರ್ಡು ಹಾಕಿದ. ನನ್ನ ಹಳೆಯ ಕನ್ನಡಕದ ಮೇಲೆ ನಾನೇ ಕೂತು ಮುರಿದಿದ್ದೆ. ಅವನು ಕೈ ಹಿಡಿದು ಎಳೆದುಕೊಂಡು ಹೋದ.

"ಇಲ್ಲಿ ನೋಡ್ಲಾ, ಅಯ್ನೋರ ಅಂಗಡಿ ರೇಟಲ್ಲಿ ಅರ್ಧ. ಮನೆ ಬಾಗ್ಲಿಗೆ ಬತ್ತದೆ. ಇನ್ನೂರು ನಮೂನೆ ಅವೆ. ಅಯ್ನೋರತ್ರ ಎಷ್ಟವೆ? ದುಂಡುಗಿರೋದೊಂದು, ಚೌಕಾಗಿರೋದೊಂದು."

ಕನ್ನಡಕದ ನಂಬರು ಹಳೆಯ ಚೀಟಿಯಲ್ಲಿತ್ತು. ಆದರೆ ಎರಡು ಕಣ್ಣಿನ ಪಾಪೆಗಳ ನಡುವೆ ಎಷ್ಟು ಅಂತರ ಎಂದು ಕಂಪ್ಯೂಟರು ಕೇಳಿತು. ಅದು ಚೀಟಿಯಲ್ಲಿರಲಿಲ್ಲ. ಗೆಳೆಯ ಸ್ಕೇಲು ತಂದು ನನ್ನ ಮೂಗಿನ ಮೇಲಿಟ್ಟ. ಮೊದಲ ಸಲ ಐವತ್ತೆಂಟು ಮಿಲಿಮೀಟರು ಬಂತು, ಎರಡನೆಯ ಸಲ ಎಪ್ಪತ್ತು.

"ನಗ್ಬ್ಯಾಡ ಕಣ್ಲಾ, ಕಣ್ಣು ಓಡಾಡ್ತವೆ!"

"ನಿನ್ ಬಾಯಿ ವಾಸ್ನೆ ಕಣ್ಲಾ, ಕಣ್ಣಲ್ಲಿ ನೀರು ಬತ್ತಾ ಅದೆ."

ಕೊನೆಗೆ ನಾನೇ ಅಯ್ನೋರ ಅಂಗಡಿಗೆ ಹೋದೆ. ಹೋದದ್ದು ನಾಲ್ಕು ಅಂಗಡಿ ದೂರ. ದಾರಿಯಲ್ಲಿ ಒಂದು ಸುಳ್ಳು ಜೋಡಿಸಿಕೊಂಡೆ. ಅಕ್ಕನ ಕಣ್ಣಿಗೆ ಹಾಕುವ ಔಷಧಿಯ ಬಗ್ಗೆ ಕೇಳಿ, ಅದೂ ಇದೂ ಮಾತಾಡಿ, ಎದ್ದು ಹೊರಡುವಾಗ, "ಅಂದಂಗೆ, ನನ್ನ ಪಾಪೆ ಅಂತರ ಎಷ್ಟು ಅಯ್ನೋರೆ?" ಎಂದೆ. ಹುಟ್ಟಿದ ದಿನದಿಂದ ಯಾವ ರೈತನೂ ಕೇಳಿರದ ಪ್ರಶ್ನೆ ಅದು.

ಅವರು ಪುಸ್ತಕ ತೆಗೆದು ನೋಡಲಿಲ್ಲ. "ಅರವತ್ನಾಕು. ಬರ್ಕೊ, ಮರೆತೋಗ್ತೀಯ" ಎಂದರು. ಬರೆದುಕೊಂಡೆ. ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು: "ಏನ್ ನೋಡ್ಬೇಕು ಅಂತ ಆ ಕಂಪ್ಯೂಟ್ರು ಕೇಳ್ತಾ?"

ನಾನು ಚೀಟಿ ಜೇಬಿಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ನಡೆದೆ. ಅವರ ಜಾಗದಲ್ಲಿ ನಾನಿದ್ದರೆ ಆ ಅರವತ್ತನಾಲ್ಕನ್ನು ಕೊಡುತ್ತಿದ್ದೆನೇ ಎಂದು ಆಗಾಗ ಯೋಚಿಸಿದ್ದೇನೆ. ಕೊಡುತ್ತಿರಲಿಲ್ಲ.

ಗೆಳೆಯ ಆರ್ಡರು ಮಾಡುವಾಗ ಕೊನೆಯಲ್ಲಿ ಒಂದು ಕೊಡುಗೆ ಬಂತು. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು, ಬೇರೆ ದುಡ್ಡಿಲ್ಲ. "ಪುಕ್ಸಟ್ಟೆ ಕಣ್ಲಾ, ಬ್ಯಾಡ ಅನ್ನಕೆ ನಿಂಗೇನ್ ತಲೆ ಕೆಟ್ಟದಾ?" ಎಂದು ಗುರುತು ಹಾಕಿದ. ನನಗೂ ಆಸೆಯಾಯಿತು.

ಕನ್ನಡಕ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅದು ಒಳ್ಳೆಯ ಕನ್ನಡಕ. ಹಗುರವಾಗಿತ್ತು, ನಂಬರು ಸರಿಯಾಗಿತ್ತು, ಪೇಪರು ಓದಿದರೆ ಅಕ್ಷರ ಎದ್ದು ಕಾಣುತ್ತಿತ್ತು. ತಪ್ಪು ಅದರದಲ್ಲ.

ಆ ವಾರ ಅಕ್ಕನ ಸೊಪ್ಪು ಆರಿಸಲು ಶುರುವಾಯಿತು. ಹರಾಜಿಗೆ ಐದು ದಿನ ಇತ್ತು. ಅಂಗಳದಲ್ಲಿ ಆರು ಜನ ಹೆಂಗಸರು ಸಾಲಾಗಿ ಕೂತರು, ನಾನು ನಡುವೆ. ಅವರಿಗೆ ಅನುಮಾನ ಬಂದ ಎಲೆಯನ್ನು ನನ್ನತ್ತ ಚಾಚುವುದು, ನಾನು ಗುಡ್ಡೆ ಹೇಳುವುದು, ಇದು ಹಿಂದಿನಿಂದ ಬಂದ ರೂಢಿ. ಬೆಳಗಿನ ಬಿಸಿಲು ಚೆನ್ನಾಗಿತ್ತು. ಆ ವರ್ಷದ ಸೊಪ್ಪು ಸ್ವಲ್ಪ ಜಾಸ್ತಿಯೇ ಬೆಂದಿದೆ ಎನಿಸಿತು. ಹಳದಿ ಕಡಿಮೆ, ಕಿತ್ತಳೆ ಹೆಚ್ಚು. ಹಾಗೆಂದು ಹೇಳಿದೆ.

"ಇದು ಹಳ್ದಿ ಕಣ್ಲಾ" ಎಂದಳು ಅಕ್ಕ.

"ಕಿತ್ಲೆ."

"ನಂಗೇನ್ ಕಣ್ ಕಾಣಾಕಿಲ್ವಾ?"

"ಅಕ್ಕಾ, ಹೊಸಾ ಕನ್ನಡ್ಕ ಯಾರ್‌ದು? ನಿಂದಾ ನಂದಾ?"

ಅಕ್ಕ ಆ ಎಲೆಯನ್ನು ಕಿತ್ತಳೆ ಗುಡ್ಡೆಗೆ ಹಾಕಿದಳು. ಎರಡು ದಿನ ಹೀಗೆಯೇ ನಡೆಯಿತು. ಎರಡನೆಯ ದಿನ ಮೋಡ ಬಂದು ಹೋಗಿ ಮಾಡುತ್ತಿತ್ತು. ಹತ್ತು ಗಂಟೆಗೆ ಕಿತ್ತಳೆ ಎಂದ ಎಲೆಯನ್ನು ಮೋಡ ಕವಿದು ಸ್ವಲ್ಪ ಹೊತ್ತಾದ ಮೇಲೆ ಹಳದಿ ಎಂದೆನಂತೆ. ಮತ್ತೆ ಬಿಸಿಲು ಬಂದಾಗ, "ಇದನ್ನ ಯಾರು ಇಲ್ಲಿ ಹಾಕಿದ್ದು?" ಎಂದು ರೇಗಿದೆನಂತೆ. ಸಾಲಿನ ತುದಿಯಲ್ಲಿದ್ದ ಹೆಂಗಸೊಬ್ಬಳು ಆಕಾಶ ನೋಡಿ, "ಅಕ್ಕೋ, ಮೋಡ ಬಂದ್ರೆ ಅಣ್ಣನ್ ಬುದ್ದಿ ಸರಿಯಾಗ್ತದೆ ಕಣಕ್ಕೋ" ಎಂದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಒಂದು ವರ್ಷದ ದುಡಿಮೆ ಅವಳ ಕಣ್ಣೆದುರು ತಪ್ಪು ಗುಡ್ಡೆಗಳಿಗೆ ಬೀಳುತ್ತಿತ್ತು, ಬೀಳಿಸುತ್ತಿದ್ದವನು ತಮ್ಮ.

ಮೂರನೆಯ ದಿನ ಅಕ್ಕ ನನಗೆ ಹೇಳದೆ ಮೊದಲ ಬಸ್ಸಿಗೆ ಹೋಗಿ ಅಯ್ನೋರನ್ನು ಕರೆತಂದಳು. "ನಮ್ ತಮ್ಮಂಗೆ ಕಣ್ಗಾದ್ರೂ ಏನೋ ಆಗದೆ, ತಲೆಗಾದ್ರೂ ಏನೋ ಆಗದೆ. ಯಾವ್ದು ಅಂತ ನೋಡೇಳಿ ಸಾಮಿ" ಎಂದಿದ್ದಳಂತೆ.

ಅವರು ಬಂದವರೇ ಒಂದು ಬುಟ್ಟಿ ಬೋರಲು ಹಾಕಿ ಕೂತರು. ನನ್ನ ಮುಖದಿಂದ ಕನ್ನಡಕ ತೆಗೆದು, ಅಭ್ಯಾಸದಂತೆ ಎರಡೂ ಸ್ಕ್ರೂ ಮುಟ್ಟಿ ನೋಡಿ, "ಬಿಗಿಯಾಗೇ ಅದೆ" ಎಂದು ಸ್ವಲ್ಪ ಬೇಸರದಿಂದಲೇ ಹೇಳಿದರು. ಆಮೇಲೆ ಅದನ್ನು ನೆರಳಿಗೆ ಒಯ್ದು, ಗಾಜು ತಿಳಿಯಾದ ಮೇಲೆ, ಒಂದು ಗಾಜಿನ ಮೇಲೆ ಶಲ್ಯವನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ ಬಿಸಿಲಿಗೆ ಇಟ್ಟರು. ಎಲೆ ಅಡಿಕೆ ಹಾಕಿಕೊಂಡರು. ಅಗಿದು ಮುಗಿಯುವವರೆಗೆ ಅದನ್ನು ಬಿಸಿಲಲ್ಲೇ ಬಿಟ್ಟರು. ಬಟ್ಟೆ ತೆಗೆದರು. ಒಂದು ಗಾಜು ಬೆಳ್ಳಗಿತ್ತು, ಇನ್ನೊಂದು ಕಾಫಿ ಡಿಕಾಕ್ಷನ್ನಿನ ಹಾಗೆ.

"ನೋಡ್ರವ್ವಾ" ಎಂದು ಅದನ್ನು ಹೆಂಗಸರ ಸಾಲಿನ ಉದ್ದಕ್ಕೂ ಹಿಡಿದು ತೋರಿಸಿದರು. "ಇವನದು ಒಂದು ಕಣ್ಣು ಒಳಗದೆ, ಒಂದು ಕಣ್ಣು ಹೊರಗದೆ."

ನಗೆ ಪಕ್ಕದ ಮನೆಯವರೆಗೂ ಹೋಯಿತು. ನಾನು ಕಂಡದ್ದನ್ನೇ ಹೇಳಿದ್ದೆ, ಒಂದೂ ಸುಳ್ಳು ಹೇಳಿರಲಿಲ್ಲ, ಆದರೂ ಹೇಳಿದ್ದೆಲ್ಲ ತಪ್ಪಾಗಿತ್ತು. ಅಂಥದ್ದೂ ಆಗಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಯ್ನೋರು ಬೈಯಲಿಲ್ಲ. ಚೀಲದಿಂದ ತಮ್ಮ ಪರೀಕ್ಷೆಯ ಫ್ರೇಮು ತೆಗೆದರು. ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಗ ಹಾಕುತ್ತಾರಲ್ಲ, ದುಂಡಗಿನ, ಕಬ್ಬಿಣದಂತೆ ಭಾರವಾದ, ಸುತ್ತಲೂ ತಿರುಪುಗಳಿರುವ ಅದು. ನನ್ನ ನಂಬರಿನ ತಿಳಿ ಗಾಜುಗಳನ್ನು ಅದರಲ್ಲಿ ಕೂರಿಸಿ ನನ್ನ ಕಿವಿಗೆ ಸಿಕ್ಕಿಸಿದರು. "ಶುರು ಮಾಡು. ಮೊದ್ಲಿಂದ."

ಎಲ್ಲ ಗುಡ್ಡೆಗಳನ್ನೂ ಕಲಸಿ ಮೊದಲಿನಿಂದ ಆರಿಸಿದೆವು. ಎರಡು ದಿನ ಹಿಡಿಯಿತು. ಪಿರಿಯಾಪಟ್ಟಣದಲ್ಲಿ ಆ ಎರಡು ದಿನ ಅಯ್ನೋರ ಅಂಗಡಿಯಲ್ಲಿ ಯಾರ ಕಣ್ಣೂ ಪರೀಕ್ಷೆಯಾಗಲಿಲ್ಲ, ಏಕೆಂದರೆ ಅವರಲ್ಲಿದ್ದ ಒಂದೇ ಫ್ರೇಮು ನನ್ನ ಮುಖದ ಮೇಲಿತ್ತು. ಬಂದವರಿಗೆ, "ಇವತ್ತು ಬುಡ್ರಪ್ಪ, ಮಿಷನ್ನು ಸೊಪ್ಪು ಆರಿಸಾಕೆ ಹೋಗದೆ" ಎಂದು ಹೇಳಿ ಕಳಿಸುತ್ತಿದ್ದರಂತೆ.

ಬೇಲು ಕಟ್ಟಿ ಮುಗಿಯುವಷ್ಟರಲ್ಲಿ ಹರಾಜಿನ ಬೆಳಿಗ್ಗೆ ಬಂದಿತ್ತು. ತಿಳಿ ಗಾಜಿನ ಬೇರೆ ಕನ್ನಡಕವಿಲ್ಲದೆ ಅಯ್ನೋರ ಫ್ರೇಮನ್ನೇ ಹಾಕಿಕೊಂಡು ಹೋದೆ. ಕೊಳ್ಳುವವರಲ್ಲಿ ಒಬ್ಬರು ಬೇಲು ಬಿಟ್ಟು ನನ್ನನ್ನೇ ನೋಡುತ್ತ ನಿಂತರು.

"ಏನ್ರೀ ಇದು? ಗ್ರೇಡು ನೋಡಕೆ ಹೊಸಾ ಮಿಷನ್ನಾ?"

"ಹೂಂ ಕಣ್ರೀ" ಎಂದಳು ಪಕ್ಕದಲ್ಲಿದ್ದ ಅಕ್ಕ. "ತಪ್ಪೇ ಬರಾಕಿಲ್ಲ."

ಅವರು ಬೇಲಿನೊಳಗೆ ಮೊಣಕೈವರೆಗೆ ಕೈ ಹಾಕಿ ಎಲೆ ಎಳೆದರು. ಹಳದಿ. ಮತ್ತೊಂದು ಕಡೆ ಎಳೆದರು. ಹಳದಿ. ಅಕ್ಕನ ಒಂದು ಬೇಲೂ ವಾಪಸು ಬರಲಿಲ್ಲ.

ಫ್ರೇಮು ಹಿಂತಿರುಗಿಸಲು ಹೋದೆ. ಅವರು ನನ್ನ ಹೊಸ ಕನ್ನಡಕ ಕೇಳಿ ಪಡೆದು, ಉಗುರಿನಿಂದ ಸ್ಕ್ರೂ ಬಿಚ್ಚಿ, ಆ ಗಾಜು ತೆಗೆದು, ತಿಳಿ ಗಾಜು ಉಜ್ಜಿ ಕೂರಿಸಿದರು. ಫ್ರೇಮನ್ನು ಕೈಯಲ್ಲಿ ತೂಗಿ ನೋಡಿದರು. "ಹಗುರ ಅದೆ. ಚೆನ್ನಾಗದೆ. ಇಂಥವು ಒಂದು ಹತ್ತು ತರಿಸ್ಕೊಡಾಕೆ ನಿನ್ ಜೆರಾಕ್ಸ್‌ನೋನ್ಗೆ ಹೇಳ್ತೀಯಾ?" ಎಂದರು. ನಾನು ಬೆಪ್ಪಾಗಿ ನೋಡಿದೆ. "ಕಂಪ್ಯೂಟ್ರು ಕೆಟ್ಟದ್ದಲ್ಲ ಕಣಪ್ಪ. ಕೇಳಾಕೆ ಬರಾಕಿಲ್ಲ, ಅಷ್ಟೆ. ಅದು ಕೇಳ್ದಿದ್ರೆ ನೀನಾದ್ರೂ ಹೇಳ್ಬೇಕಿತ್ತು." ಆಮೇಲೆ ಎಂದಿನಂತೆ ಕನ್ನಡಕವನ್ನು ನನ್ನ ಮೂಗಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ಕೇಳಿದರು: "ಈಗ ಸರಿಯಾಗಿ ಕಾಣ್ತದಾ?"

ಅವರು ತೀರಿಹೋದದ್ದು ಅದಾದ ಮರುವರ್ಷ, ಸಣ್ಣ ಜ್ವರ ಬಂದು. ನಾನೂ ಅಕ್ಕನೂ ಹೋದಾಗ ಅವರನ್ನು ಅವರ ಕಡೆಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಹೊಸ ವಿಭೂತಿ. ಕನ್ನಡಕವಿಲ್ಲದೆ ಅವರ ಹಾಗೆ ಕಾಣಲಿಲ್ಲವೆಂದು ಮನೆಯವರು ಅದನ್ನೂ ಹಾಕಿದ್ದರು. ಅದು ಬಲಗಡೆ ಸಡಿಲವಾಗಿ ಮೂಗಿನ ತುದಿಗೆ ಜಾರಿತ್ತು. ಸಾಲಿನಲ್ಲಿ ಬಂದವರೆಲ್ಲ ಅವರಿಂದ ಕನ್ನಡಕ ಹಾಕಿಸಿಕೊಂಡವರೇ. ಎಲ್ಲರೂ ಅದನ್ನು ನೋಡಿದರು, ಯಾರೂ ಕೈ ಹಾಕಲಿಲ್ಲ. ನಾನು ಬಾಗಿ ಸ್ಕ್ರೂವಿನ ಮೇಲೆ ನನ್ನ ಹೆಬ್ಬೆರಳು ಇಟ್ಟೆ. ಹಿಂದಿನ ದಿನವಷ್ಟೇ ಉಗುರು ಕತ್ತರಿಸಿಕೊಂಡಿದ್ದೆ. ತಿರುಗಲಿಲ್ಲ.

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು. ಹೊಗೆಸೊಪ್ಪಿನ ಕುಡಿ ಚಿವುಟುವುದಕ್ಕೆಂದು ಅವಳೂ ಹೆಬ್ಬೆರಳಿನ ಉಗುರು ಬಿಟ್ಟಿದ್ದಳು. ಅದರ ತುದಿಯನ್ನು ಸ್ಕ್ರೂವಿಗೆ ಕೂರಿಸಿ ಎರಡು ಸುತ್ತು ತಿರುಗಿಸಿದಳು. ಸೆರಗಿನಿಂದ ಗಾಜಿನ ಮೇಲಿನ ವಿಭೂತಿ ಪುಡಿ ಒರೆಸಿದಳು. ಕನ್ನಡಕವನ್ನು ಮೇಲಕ್ಕೆ ಸರಿಸಿ ನೇರ ಮಾಡಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿದಳು.

"ಈಗ ಸರಿಯಾಗಿ ಕಾಣ್ತದಾ ಅಯ್ನೋರೆ?"

ಸುತ್ತ ನಿಂತಿದ್ದವರಲ್ಲಿ ಇಬ್ಬರೋ ಮೂವರೋ ನಕ್ಕರು. ಆಮೇಲೆ ಎಲ್ಲರೂ ತಮ್ಮ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.