ಪುಣೆಗೆ ಒಂದೇ ತಾಸು

ಅಕ್ಕನನ್ನು ಪುಣೆಗೆ ಕೊಡುವಾಗ ಅವ್ವ ಬೇಡವೆಂದೇ ಹಟ ಹಿಡಿದಿದ್ದಳು. ಹಿರೇಕೆರೂರು ಬಿಟ್ಟು ಕದಲದ ಅವಳಿಗೆ ಹಾನಗಲ್ಲೇ ದೂರ. ಸಂಬಂಧ ತಂದವನು ಹತ್ತಿಮತ್ತೂರಿನ ಸೋದರಮಾವ. ಕಟ್ಟೆಯ ಮೇಲೆ ಕುಳಿತು ಫೋನು ತೆಗೆದು ಅವ್ವನ ಮುಂದೆ ಹಿಡಿದ.

"ಹುಬ್ಬಳ್ಳಿಯಿಂದ ವಿಮಾನದಾಗ ಕುಂತ್ರ ಒಂದ ತಾಸು ನೋಡ ಯಕ್ಕಾ. ನೀ ಬಸ್ಸಿನ್ಯಾಗ ಹಾನಗಲ್ಲ ಮುಟ್ಟೂದ್ರಾಗ ಅಕಿ ಪುಣೆದಿಂದ ಬಂದ ಇಳಿದಿರ್ತಾಳ."

ಅವ್ವ ಒಪ್ಪಿದಳು. ಆ ಒಂದು ತಾಸು ನಮ್ಮ ಮನೆಗೆ ಮಾಡಿದಷ್ಟು ಕೇಡನ್ನು ಯಾವ ಹಗೆಯೂ ಮಾಡಿಲ್ಲ. ಒಂದೇ ತಾಸು ತಾನೆ, ಯಾವಾಗ ಬೇಕಾದರೂ ಹೋಗಬಹುದು ಎಂದು ಯಾರೂ ಹೋಗಲಿಲ್ಲ. ಯಾವಾಗ ಬೇಕಾದರೂ ಬರಬಹುದು ಎಂದು ಅಕ್ಕನೂ ಬರುವುದನ್ನು ಕಡಿಮೆ ಮಾಡಿದಳು. ಆ ವಿಮಾನವನ್ನು ನಮ್ಮಲ್ಲಿ ಒಬ್ಬರೂ ಹತ್ತಿರಲಿಲ್ಲ. ಊರಿಗೆಲ್ಲ ಅದರ ವರ್ಣನೆ ಮಾಡಿದ ಮಾವನೂ ಹತ್ತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅಕ್ಕನ ಗಂಡ ಫೋನು ಮಾಡಿದರು. ಚಹಾ ಕುಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಗಂಡನ ಮನೆಯಲ್ಲಿ ತೀರಿಕೊಂಡ ಮಗಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು, ಅದು ನಮ್ಮಲ್ಲಿ ಪದ್ಧತಿ. "ಬರ್ರಿ, ಹೊತ್ತ ಮುಳಗೂತನಕ ಕಾಯ್ತೇವಿ" ಎಂದರು ಅವರು. ಹೇಗೂ ಒಂದೇ ತಾಸಿನ ದಾರಿ ಎಂಬ ಧೈರ್ಯದ ಮೇಲೆ ಅವ್ವ ಪರಿಚಯದ ಅಂಗಡಿಯ ಬಾಗಿಲು ತೆಗೆಸಿ, ಅಳುತ್ತಲೇ ಸೀರೆ ಮೇಲೆ ಸೀರೆ ಬಿಚ್ಚಿಸಿ ನೋಡಿದಳು. ಹಸಿರು ಇಳಕಲ್ ಸೀರೆ ಆರಿಸುವವರೆಗೆ ನಾವು ಯಾರೂ ಅವಸರ ಮಾಡಲಿಲ್ಲ. ಶಿಗ್ಗಾಂವಿಯಲ್ಲಿ ಮಾವ ಬರಲಿ ಎಂದು ಮತ್ತೆ ಕಾದೆವು.

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹುಡುಗಿ, "ಪುಣೆ ವಿಮಾನ ಇವತ್ತಿಲ್ರಿ, ದಿನಾ ಇರೂದಿಲ್ಲ" ಎಂದಳು. ಮಾವ ನಂಬದೆ ತನ್ನ ಫೋನನ್ನೇ ಅವಳ ಮುಖಕ್ಕೆ ಹಿಡಿದ. ಅದರಲ್ಲಿ ಎಲ್ಲ ಇತ್ತು: ಎರಡು ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ, ನಕ್ಷೆಯ ಮೇಲೊಂದು ಬಾಗಿದ ಗೆರೆ. ಇವತ್ತು ವಿಮಾನವಿಲ್ಲ ಎಂಬುದೊಂದನ್ನು ಬಿಟ್ಟು. ಆ ಫೋನು ಕಸಿದು ಒಗೆಯಬೇಕೆನಿಸಿತು ನನಗೆ.

ಬಂದ ಗಾಡಿಯಲ್ಲೇ ಮುಂದೆ ಹೊರಟೆವು. ರಸ್ತೆಯ ಮೇಲೆ ಪುಣೆ ಇಡೀ ಹಗಲಿನ ದಾರಿ, ಹಗಲು ಆಗಲೇ ಅರ್ಧ ಮುಗಿದಿತ್ತು. ಬೆಳಗಾವಿ ಬರುವವರೆಗೆ ಅವ್ವ "ಇನ್ನ ಎಷ್ಟ ದೂರ ಐತಿ?" ಎಂದು ಕೇಳುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದ. ಒಂದು ಮಾತಾಡಿದ್ದರೆ ನಾನು ಅವನನ್ನು ಹರಿದು ಮುಕ್ಕುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು.

ನಿಪ್ಪಾಣಿಯ ಹತ್ತಿರ ಬಿಸಿಲು ಇಳಿದಾಗ ಅಕ್ಕನ ಗಂಡನ ಫೋನು ಬಂತು.

"ಕತ್ತಲಾದ ಮ್ಯಾಲ ಮಣ್ಣ ಮಾಡೂ ಹಂಗಿಲ್ಲ ಅಂತಾರ್ರಿ ಹಿರೇರು. ಇನ್ನ ತಡಿಯಾಕ ಆಗೂದಿಲ್ರಿ. ನಿಮ್ಮ ಹೆಸರಿಲೆ ಇಲ್ಲೇ ಒಂದ ಸೀರಿ ತರಿಸೇನಿ. ಉಡಸ್ಲೇನ್ರಿ?"

ನಾನು ಫೋನನ್ನು ಅವ್ವನ ಕಿವಿಗೆ ಹಿಡಿದೆ. ಅವರು ಇನ್ನೊಮ್ಮೆ ಅದನ್ನೇ ಹೇಳಿದರು. ಅವ್ವ ಮಡಿಲಲ್ಲಿದ್ದ ಹಸಿರು ಸೀರೆಯ ಮಡಿಕೆ ಸರಿಮಾಡಿದಳು.

"ಉಡಸ್ರಿ" ಎಂದಳು ಕೊನೆಗೆ. "ತವರಿಂದ ಬಂದೈತಿ ಅಂತ ಅಕಿ ಕಿವ್ಯಾಗ ಹೇಳ್ರಿ."